ಎರಡು ದೇವರಿಗೆ ಎರಡು ಮದುವೆ ಹೇಳಿ ಬಂದದ್ದು

ಒಂದೇ ಬೆರಳಿನಲ್ಲಿ ಬರೆಯುತ್ತಿದ್ದೇನೆ. ಬಲಗೈಯ ತೋರುಬೆರಳು. ಉಳಿದ ಒಂಬತ್ತೂ ಸುಮ್ಮನೆ ಕೂತು ನೋಡುತ್ತಿವೆ, ಮದುವೆ ಮನೆಯ ಗಂಡಸರ ಹಾಗೆ. ಮೊಮ್ಮಗಳು ಗಂಡನ ಮನೆಗೆ ಹೋಗುವ ಮುಂಚೆ ಈ ಫೋನಿಗೆ ಕನ್ನಡ ಅಕ್ಷರ ಹಾಕಿಕೊಟ್ಟು, "ಅಜ್ಜಿ, ಬೈಯೋದಿದ್ರ ಇದ್ರಾಗ ಬರ್ದು ಬೈ, ಓಣ್ಯಾಗ ನಿಂತು ಬೈಬ್ಯಾಡ" ಎಂದು ಹೇಳಿ ಹೋದಳು. ಅದಕ್ಕೇ ಬರೆಯುತ್ತಿದ್ದೇನೆ. ಬೈಯುವುದು ಬಹಳ ಇದೆ.

ಅವಳ ಮದುವೆ ಮುಗಿಯುವುದರೊಳಗೆ ನನಗೆ ಸಾಕುಸಾಕಾಗಿ ಹೋಯಿತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದ್ದರು. ಎರಡೂ ಮನೆಯವರು ಒಪ್ಪಿದ್ದೆವು. ಜಾತಕದ ತಕರಾರಿಲ್ಲ, ಕೊಡುವ ಕೊಳ್ಳುವ ತಕರಾರಿಲ್ಲ. ಇದ್ದದ್ದು ಒಂದೇ: ಮದುವೆ ಯಾವ ತರಹದ್ದು? ಮನೆ ಮುಂದಿನ ಹಂದರದ್ದೋ, ಕಲ್ಯಾಣ ಮಂಟಪದ್ದೋ, ಆಫೀಸಿನದ್ದೋ? ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಜಗಳವಾಡಿದ ಬೀಗರನ್ನು ನೋಡಿದ್ದೇನೆ, ಚಾಪೆ ಹಾಸಲಿಲ್ಲವೆಂದು ಎದ್ದು ಹೋದವರನ್ನೂ ನೋಡಿದ್ದೇನೆ. ಎಲ್ಲದಕ್ಕೂ ಹೂಂ ಅಂದುಕೊಂಡು, ಮದುವೆ ಹೇಗೆ ಎಂಬುದಕ್ಕೆ ಮಾತ್ರ ಮೂರು ತಿಂಗಳು ಕಚ್ಚಾಡಿದವರು ನಾವೇ ಮೊದಲಿಗರಿರಬೇಕು.

ನಮ್ಮದು ಕೂಡ್ಲಿಗಿ ಹತ್ತಿರದ ಹಳ್ಳಿ. ಕುರಿ ಸಾಕುವ ಮನೆತನ. ಈಗ ಉಳಿದಿರುವ ಕುರಿ ಹನ್ನೆರಡು, ಅದರಲ್ಲಿ ಒಂದು ಕುಂಟು. ಮನೆಯಲ್ಲಿ ನಾನು, ನನ್ನ ಹಿರಿ ಸೊಸೆ, ಅವಳ ಮಗಳು. ಹಿರಿ ಮಗ ತೀರಿಕೊಂಡು ಹದಿನೆಂಟು ವರ್ಷವಾಯಿತು. ಆಗ ಈ ಹುಡುಗಿಗೆ ಆರು ವರ್ಷ. ಸೊಸೆ ನಮ್ಮೂರಿನ ಅಂಗನವಾಡಿ ಟೀಚರ್. ಅದೇ ಸಂಬಳದಲ್ಲಿ ಮಗಳನ್ನು ಓದಿಸಿದಳು. ಹುಡುಗಿ ಈಗ ಹರಪನಹಳ್ಳಿಯಲ್ಲಿ ನರ್ಸು, ಮದುವೆಗೆ ಮುಂಚೆ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಹುಡುಗನಿಗೆ ಕೊಟ್ಟೂರಿನಲ್ಲಿ ಮೋಟರ್ ರಿಪೇರಿ ಅಂಗಡಿ. ಸುತ್ತಲಿನ ಹೊಲಗಳಲ್ಲಿ ಸುಟ್ಟ ಪಂಪ್‌ಸೆಟ್ಟುಗಳೆಲ್ಲ ಅವನ ಮುಂದೆ ಬಂದು ಬೀಳುತ್ತವೆ. ಅವನ ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ರಿಟೈರ್ ಆದವರು. ಬಸ್ಸಿನಿಂದ ಅವರು ಇಳಿದಿದ್ದಾರೆ, ಬಸ್ಸು ಅವರ ಬಾಯಿಯಿಂದ ಇಳಿದಿಲ್ಲ. ನಮ್ಮ ಮನೆಗೆ ಮಾತುಕತೆಗೆ ಬಂದವರು ಪಡಸಾಲೆಯಲ್ಲಿ ಕೂರುವ ಮುಂಚೆಯೇ, "ಬಾಗಿಲದಾಗ ನಿಂದರಬ್ಯಾಡ್ರಿ, ಒಳಗ ಜಾಗ ಐತಿ, ಒಳಗ ನಡೀರಿ" ಎಂದು ತಮ್ಮ ಕಡೆಯವರನ್ನೆಲ್ಲ ನಮ್ಮ ಅಡುಗೆಮನೆಯತನಕ ತುಂಬಿಸಿದರು.

"ಬೀಗ್ತೇರ, ಕೊಟ್ಟೂರಾಗ ಹೊಸಾ ಮಂಟಪ ಆಗೈತಿ ನೋಡ್ರಿ. ಎಸಿ. ಹುಡುಗ ಹುಡುಗಿ ಕುಂದ್ರಾಕ ತಿರುಗೋ ಸ್ಟೇಜು" ಎಂದರು.

"ತಿರುಗೋದ್ಯಾಕ್ರಿ ಬೀಗರ, ಅವರೇನು ರಾಗಿ ಬೀಸಬೇಕೇನು?"

"ವಿಡಿಯೋಕ್ಕ ಚಂದ ಬರತೈತ್ರಿ."

"ನನಗ ಸುಮ್ನ ಕುಂತ್ರನಾ ತಲಿ ತಿರುಗತೈತಿ. ಅದನ್ನ ಬ್ಯಾರೆ ನೋಡಬೇಕೇನು?"

ನನ್ನ ಮನಸ್ಸಿನಲ್ಲಿ ಇದ್ದದ್ದು ಹಂದರದ ಮದುವೆ. ಮನೆಯ ಮುಂದೆ ಹಂದರ ಹಾಕಿ, ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತ ಬಿಳಿ ದಾರ ಸುತ್ತಿ, ನಡುವೆ ಹುಡುಗ ಹುಡುಗಿಯನ್ನು ಕೂರಿಸಿ ಐದು ಮಂದಿ ಮುತ್ತೈದೆಯರು ಅರಿಶಿನ ಹಚ್ಚಿ ನೀರೆರೆಯಬೇಕು. ಅದಕ್ಕೆ ಸುರಗಿ ಅನ್ನುತ್ತೇವೆ. ಆಮೇಲೆ ಕರಿ ಕಂಬಳಿ ಹಾಸಿ, ಅದರ ಮೇಲೆ ಇಬ್ಬರನ್ನೂ ಕೂರಿಸಿ ಅಕ್ಕಿಕಾಳು ಹಾಕಬೇಕು. ನನ್ನ ಮದುವೆಯ ಕಂಬಳಿಯನ್ನು ಬೇವಿನ ಸೊಪ್ಪಿನ ಜೊತೆ ಟ್ರಂಕಿನಲ್ಲಿ ಇಟ್ಟಿದ್ದೇನೆ. ಎಲ್ಲ ಮಕ್ಕಳೂ ಅದರ ಮೇಲೆ ಕೂತೇ ಗಂಡ ಹೆಂಡಿರಾದವರು. ತಿರುಗುವ ಸ್ಟೇಜಿನ ಮೇಲೆ ಅದನ್ನು ಹಾಸಿದರೆ ಅಂಚು ಗಾಲಿಗೆ ಸಿಕ್ಕಿ ಹರಿದೇ ಹೋಗುತ್ತದೆ. ಧಾರೆ ಎರೆಯುವುದಕ್ಕೆ ಹಗರಿಬೊಮ್ಮನಹಳ್ಳಿಯಲ್ಲಿರುವ ನನ್ನ ಕಿರಿ ಮಗ ಮತ್ತು ಅವನ ಹೆಂಡತಿ ಕೂರುತ್ತಾರೆ. ಎಲ್ಲಾ ಲೆಕ್ಕ ಹಾಕಿಟ್ಟಿದ್ದೆ.

ಅಷ್ಟರಲ್ಲಿ ಚಹಾದ ತಟ್ಟೆ ಹಿಡಿದು ಬಂದ ಮೊಮ್ಮಗಳು, ಕಪ್ಪು ಕೊಡುತ್ತಾ ಕೊಡುತ್ತಾ ಹೇಳಿದಳು: "ಎರಡೂ ಬ್ಯಾಡ. ರಿಜಿಸ್ಟ್ರಾರ್ ಆಫೀಸ್ನಾಗ ಸಹಿ ಮಾಡ್ತೀವಿ. ನಾವಿಬ್ರೂ ಮಾತಾಡ್ಕೊಂಡೀವಿ."

ಕಂಡಕ್ಟರ್ ಬೀಗರ ಚಹಾ ಸಾಸರಿಗೆ ಇಳಿಯಿತು. "ಅಲ್ಲವಾ ತಂಗಿ, ಓಡಿ ಹೋದೋರು ಮಾಡ್ಕೊಳೋ ಮದುವಿ ಅದು. ನಾವೆಲ್ಲಾ ಒಪ್ಪಿ ಕುಂತೀವಿ, ನೀವ್ಯಾಕ ಓಡ್ತೀರಿ?"

ನಾನು ಬಿಡಲಿಲ್ಲ. "ಹೊಲ ಬರಸ್ಕೊಂಡಂಗ ಗಂಡನ್ನ ಬರಸ್ಕೊಂತೀಯೇನಲೇ?"

"ಹೊಲಕ್ಕ ಪಹಣಿ ಬರತೈತಜ್ಜಿ. ಇದಕ್ಕ ಸರ್ಟಿಫಿಕೇಟ್ ಬರತೈತಿ" ಎಂದು ನಕ್ಕು ಒಳಗೆ ಹೋದಳು. ಯಾಕೆ ಎಂದು ಹೇಳಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ನನ್ನ ಸೊಸೆ ನೆಲ ನೋಡುತ್ತಿದ್ದಳು. ನಾನು ಅದನ್ನು ಕಂಡರೂ ಕಾಣದವಳ ಹಾಗೆ ಎಲೆಗೆ ಸುಣ್ಣ ಹಚ್ಚುತ್ತಾ ಕೂತೆ.

ಆ ದಿನ ಏನೂ ತೀರ್ಮಾನವಾಗಲಿಲ್ಲ. ಎದ್ದು ಹೋಗುವಾಗ ಬೀಗರು, "ಮುಂದಿನ ಸ್ಟಾಪಿನಾಗ ನೋಡೋಣು ತಗೋರಿ" ಎಂದರು. ಅವರ ಮುಖದಲ್ಲಿ ಏನೋ ಹಂಚಿಕೆ ಇತ್ತು. ನನ್ನ ತಲೆಯಲ್ಲೂ ಇತ್ತು.

ಈಗ ನಾನು ಮಾಡಿದ ಕೆಲಸ ಹೇಳುತ್ತೇನೆ. ನಮ್ಮಲ್ಲಿ ಮದುವೆಯ ಮೊದಲ ಕರೆ ಮನೆದೇವರಿಗೆ. ಎಲೆ ಅಡಿಕೆ, ಹಿಡಿ ಅಕ್ಕಿ ಮುಂದಿಟ್ಟು, ಮದುವೆ ಎಲ್ಲಿ, ಹೇಗೆ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಬದಲಾಯಿಸುವ ಹಾಗಿಲ್ಲ. ದೇವರು ಒಂದು ಕಡೆ ಬಂದು ಕೂತಿರುವಾಗ ಮದುವೆ ಇನ್ನೊಂದು ಕಡೆ ನಡೆದರೆ ಏನು ಗತಿ? ಆದ್ದರಿಂದ ಎರಡೂ ಕಡೆಯ ಹಿರಿಯರು ಕೂತು, ಎಲ್ಲ ಪಕ್ಕಾ ಆದ ಮೇಲೆಯೇ ದೇವರ ಹತ್ತಿರ ಹೋಗುವುದು. ನಾನು ಪಕ್ಕಾ ಆಗುವ ಮುಂಚೆಯೇ ಹೋದೆ. ದೇವರಿಗೆ ಹೇಳಿಬಿಟ್ಟರೆ ಆಮೇಲೆ ಯಾರೂ ಉಸಿರೆತ್ತುವುದಿಲ್ಲ ಎಂಬ ಧೈರ್ಯದ ಮೇಲೆ.

ಭಾನುವಾರ ಬೆಳಿಗ್ಗೆ ಸೊಸೆಗೆ ಮೊಣಕಾಲು ತೋರಿಸಿಕೊಂಡು ಬರುತ್ತೇನೆ ಎಂದು ಸುಳ್ಳು ಹೇಳಿ ಹೊರಟೆ. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಬಸ್ಸು ಪುಕ್ಕಟೆ. ಮೊಣಕಾಲೊಂದು ಗಟ್ಟಿ ಇದ್ದರೆ ನಾನು ದಿನಾ ಒಂದು ಊರು ನೋಡಿ ಬರುತ್ತಿದ್ದೆ. ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು, ಹಡಗಲಿ ಬಸ್ಸು ಹಿಡಿದು, ಅಲ್ಲಿಂದ ಮತ್ತೊಂದು ಹತ್ತಿ ಮೈಲಾರ ಮುಟ್ಟುವಷ್ಟರಲ್ಲಿ ನೆತ್ತಿಯ ಮೇಲೆ ಬಿಸಿಲು. ಮೈಲಾರಲಿಂಗನ ಮುಂದೆ ಅಕ್ಕಿ ಇಟ್ಟು ಹೇಳಿದೆ: "ಅಪ್ಪಾ, ಮೊಮ್ಮಗಳ ಮದುವಿ ನಮ್ಮನಿ ಮುಂದ, ಹಂದರದಾಗ, ಕಂಬಳಿ ಮ್ಯಾಲ. ಮೊದ್ಲು ನೀನಾ ಬರಬೇಕು." ಹಣೆ ತುಂಬ ಭಂಡಾರ ಹಚ್ಚಿಕೊಂಡು ಬಂದೆ. ಮನೆಗೆ ಬಂದಾಗ ಸೊಸೆ ನನ್ನ ಹಳದಿ ಹಣೆ ನೋಡಿ, "ಡಾಕ್ಟ್ರು ಮೊಣಕಾಲಿಗೆ ಕೊಟ್ಟ ಮುಲಾಮು ಹಣಿಗ್ಯಾಕ ಹಚ್ಕೊಂಡೀರತ್ತಿ?" ಎಂದು ಕೇಳಿದಳು. ಅವಳು ಹಾಗೆಲ್ಲ ತಮಾಷೆ ಮಾಡುವುದು ಅಪರೂಪ.

ಮರುದಿನ ಬೀಗರಿಗೆ ಫೋನು ಮಾಡಿ, ವಿಷಯ ಕೈಮೀರಿತೆಂದು ಬಹಳ ದುಃಖದ ದನಿಯಲ್ಲಿ ಹೇಳಿದೆ. "ದೇವ್ರಿಗೆ ಹೇಳಿ ಬಂದ್ಬಿಟ್ಟೀನ್ರಿ. ಇನ್ನ ನಂದೇನಿಲ್ಲ, ನಿಮ್ದೇನಿಲ್ಲ."

ಆ ಕಡೆಯಿಂದ ಕೆಮ್ಮು. "ಬೀಗ್ತೇರ... ನಾನೂ ಶನಿವಾರನಾ ಕೊಟ್ಟೂರು ದೇವ್ರಿಗೆ ಕಾಯಿ ಒಡಸೀನ್ರಿ. ಮಂಟಪದಾಗ ಅಂತ ಹೇಳೀನಿ."

"ಸ್ಟೇಜಿನ ವಿಷಯಾನೂ ಹೇಳೀರೇನು?"

"ಹೇಳೀನ್ರಿ. ತಿರುಗತೈತಿ ಅಂತಾನೂ ಹೇಳೀನಿ."

ಹೀಗೆ ಒಂದು ಮದುವೆಯನ್ನು ಎರಡು ದೇವರಿಗೆ ಎರಡು ತರಹ ಹೇಳಿಕೊಂಡು ಕೂತೆವು. ಹಂದರದಲ್ಲಿ ಮಾಡಿದರೆ ಅವರ ದೇವರಿಗೆ ಸಿಟ್ಟು, ಮಂಟಪದಲ್ಲಿ ಮಾಡಿದರೆ ನಮ್ಮ ದೇವರಿಗೆ. ಬೀಗರ ಹೆಂಡತಿ ನಮ್ಮನ್ನು ಬೈದರು, ನನ್ನ ಕಿರಿ ಮಗ ಅವರನ್ನು ಬೈದ. ಮೊಮ್ಮಗಳಿಗೆ ತಿಳಿದಾಗ ಅವಳು ಯಾರನ್ನೂ ಬೈಯಲಿಲ್ಲ. "ನನ್ನ ಮದುವಿ ದೇವ್ರಿಗೆ ಗೊತ್ತಾತು, ಓಣಿಗೆ ಗೊತ್ತಾತು. ನನಗೊಬ್ಬಾಕಿಗೆ ಹೇಳೋದು ಬಿಟ್ಟೀರಿ" ಎಂದಷ್ಟೇ ಹೇಳಿ ಹರಪನಹಳ್ಳಿ ಬಸ್ಸು ಹತ್ತಿದಳು. ಎರಡು ವಾರ ಮನೆಗೆ ಬರಲಿಲ್ಲ.

ಆ ಎರಡು ವಾರ ನಾನು ಕಟ್ಟೆಯ ಮೇಲೆ ಕೂತು ಹೋಗಿಬರುವವರಿಗೆಲ್ಲ ಈ ಕಾಲದ ಹುಡುಗಿಯರ ಬಗ್ಗೆ ಭಾಷಣ ಮಾಡಿದೆ. ಪಕ್ಕದ ಮನೆಯ ಮೆಕ್ಯಾನಿಕ್ ಸಾಬರ ಹೆಂಡತಿ ಅಲ್ಲೇ ಕೂತು ಸೀರೆಗೆ ಫಾಲ್ ಹೊಲಿಯುತ್ತಾಳೆ. ಅವಳು ಮೂರು ದಿನ ಕೇಳಿದಳು. ನಾಲ್ಕನೆಯ ದಿನ ಹಲ್ಲಿನಿಂದ ದಾರ ಕಡಿದು ಹೇಳಿದಳು:

"ಅಲ್ಲಜ್ಜಿ, ನಮ್ಮಾಗ ಮೊದ್ಲು ಹುಡುಗಿ ಹತ್ರ ಬಂದು ಒಪ್ಪಿಗಿ ಐತೇನು ಅಂತ ಕೇಳ್ತಾರ. ಆಮ್ಯಾಲ ಸಹಿ. ಸಹಿ ಆತಂದ್ರ ನಿಖಾ ಆದಂಗ. ಬಿರಿಯಾನಿ ಬ್ಯಾಂಡು ಎಲ್ಲಾ ಹಿಂದಿಂದ. ನಿಮ್ಮ ಹುಡುಗಿನೂ ಸಹೀನಾ ಕೇಳಾಕತ್ಯಾಳ. ನಿಮಗ್ಯಾಕ ಹೊಟ್ಟಿ ನೋಯತೈತಿ?"

"ನಿಮ್ಮ ಪದ್ಧತಿ ನಿಮಗ, ನಮ್ಮ ಪದ್ಧತಿ ನಮಗವಾ."

"ಆತು ಬಿಡ್ರಿ. ಆದ್ರ ಯಾಕ ಬೇಕು ಅಂತ ಆಕಿನ್ನ ಒಂದ್ ಸಲಾನರ ಕೇಳೀರೇನು?"

ಕೇಳಿರಲಿಲ್ಲ. ಅವಳ ಮುಂದೆ ಒಪ್ಪಿಕೊಳ್ಳಲಾಗದೆ, ಕುರಿಗೆ ನೀರಿಡಬೇಕು ಎಂದು ಎದ್ದು ಬಂದೆ.

ಮುಂದಿನ ಭಾನುವಾರ ಮೊಮ್ಮಗಳು ಬಂದಳು. ಬಂದಾಗಲೆಲ್ಲ ನನ್ನ ಕಾಲುಗುರು ಕತ್ತರಿಸುವುದು ಅವಳ ಕೆಲಸ. ನರ್ಸಲ್ಲವೇ, ಒಂದು ಚೂರೂ ನೋಯಿಸುವುದಿಲ್ಲ. ಕಾಲು ಅವಳ ತೊಡೆಯ ಮೇಲೆ ಇರುವಾಗ ಕೇಳಿದೆ: "ಯಾಕಲೇ, ಹಂದರದ ಮದುವಿ ಅಂದ್ರ ನಿನಗ ನಾಚಿಕಿ ಏನು?"

ಅವಳು ತಲೆ ಎತ್ತಲಿಲ್ಲ. "ನಿನ್ನ ಮಗಳ ಮಗಳ ಮದುವಿ ನೆಪ್ಪೈತೇನಜ್ಜಿ? ನಾನವಾಗ ಹತ್ತನೇತಿ."

ನೆನಪಿಲ್ಲದೆ ಏನು. ಒಂಬತ್ತು ವರ್ಷದ ಹಿಂದಿನ ಮಾತು. ಇದೇ ಮನೆಯ ಮುಂದೆ ಹಂದರ. ಆಗ ನನ್ನ ಯಜಮಾನರು ಇದ್ದರು. ನನ್ನ ಹಣೆಯ ಮೇಲೆ ಕಾಸಗಲ ಕುಂಕುಮ ಇತ್ತು.

"ಸುರಗಿ ಸುತ್ತಾಗ ಅವ್ವ ಅರಿಶಿಣದ ಬಟ್ಲ ಹಿಡ್ಕೊಂಡು ಮುಂದ ಬಂದ್ಲು. ಬಟ್ಲ ಕೊಡಾಕ ಅಷ್ಟಾ. ನೀನು ಆಕಿ ಮೊಣಕೈ ಹಿಡ್ದಿ. 'ಅನ್ನ ತಳ ಹತ್ತತೈತಿ, ಒಳಗ ಹೋಗಿ ನೋಡು' ಅಂದಿ. ನಾನೂ ಆಕಿ ಹಿಂದಾ ಹೋದೆ."

"ಹೌದು, ಅನ್ನ..."

"ಒಲಿ ಮ್ಯಾಲ ಅನ್ನಾನಾ ಇರಲಿಲ್ಲಜ್ಜಿ. ಅಕ್ಕಿ ಇನ್ನಾ ತೊಳದಾ ಇರಲಿಲ್ಲ. ಅವ್ವ ಖಾಲಿ ಒಲಿ ಮುಂದ ಕುಂತು ಅನ್ನ ಕಾಯ್ದ್ಲು. ಅಕ್ಕಿಕಾಳು ಬೀಳೋತನ ಕಾಯ್ದ್ಲು."

ಕಾಲು ಎಳೆದುಕೊಳ್ಳಬೇಕೆನಿಸಿತು. ಅವಳು ಬಿಡಲಿಲ್ಲ, ಇನ್ನೂ ಎರಡು ಉಗುರು ಬಾಕಿ ಇದ್ದವು.

"ನನ್ನ ಮದುವಿಯಾಗ ಅವ್ವ ನನ್ನ ಪಕ್ಕಕ್ಕ ಇರಬೇಕು. ಚಿಕ್ಕಪ್ಪ ಚಿಕ್ಕಮ್ಮ ಧಾರಿ ಎರದು, ಅವ್ವ ಒಳಗ ಕುಂತು ಅನ್ನ ಕಾಯೋ ಮದುವಿ ನನಗ ಬ್ಯಾಡ. ಅದು ಹಂದರದಾಗಾದ್ರೂ ಅಷ್ಟಾ, ತಿರುಗೋ ಸ್ಟೇಜಿನ ಮ್ಯಾಲಾದ್ರೂ ಅಷ್ಟಾ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಬಹಳ ಕೆಟ್ಟದ್ದು, ತೀರಿಸಿಕೊಳ್ಳಲು ಜಾಗವಿರುವುದಿಲ್ಲ. "ಇಷ್ಟಾ ಆದ್ರ ಮೊದ್ಲಾ ಬಾಯಿ ಬಿಡಾಕ ಏನಾಗಿತ್ತು ನಿನಗ? ನಿಮ್ಮವ್ವನ್ನ ಸುರಗ್ಯಾಗ ನಾನಾ ನಿಂದ್ರಸ್ತೀನಿ, ನೋಡ್ತಿರು" ಎಂದೆ. ಅವಳು ನಕ್ಕಳು. ಆ ನಗು ಯಾಕೆಂದು ಆಮೇಲೆ ತಿಳಿಯಿತು.

ಮರುದಿನವೇ, ಸೊಸೆಯ ಜೊತೆ ಸುರಗಿಯಲ್ಲಿ ನಿಲ್ಲುತ್ತೀರಾ ಎಂದು ಓಣಿಯ ಮುತ್ತೈದೆಯರನ್ನು ಕೇಳಲು ಹೊರಟೆ. ಒಬ್ಬಳು "ಆತಜ್ಜಿ" ಎಂದಳು. ಇನ್ನೊಬ್ಬಳು ಅತ್ತೆಯನ್ನು ಕೇಳಿ ಹೇಳುತ್ತೇನೆ ಎಂದಳು; ಅವಳ ಅತ್ತೆ ನನಗಿಂತ ಹಠಮಾರಿ. ಮೂರನೆಯವಳು ಬಾಗಿಲ ಹಿಂದೆ ಇದ್ದುಕೊಂಡೇ ಮನೆಯಲ್ಲಿ ಯಾರೂ ಇಲ್ಲ ಎಂದು ಮಗುವಿನ ಕೈಲಿ ಹೇಳಿಸಿದಳು. ಬೈದೆ, ಪುಸಲಾಯಿಸಿದೆ, ಕುರಿಮರಿ ಕೊಡುತ್ತೇನೆ ಎಂದೆ. ನಾಲ್ಕು ದಿನಕ್ಕೆ ಅಂತೂ ಐದು ಮಂದಿ ಕೂಡಿದರು. ಯುದ್ಧ ಗೆದ್ದವಳ ಹಾಗೆ ಮನೆಗೆ ಬಂದೆ.

ಸೊಸೆ ಅಂಗನವಾಡಿಯ ರಿಜಿಸ್ಟರು ಹರಡಿಕೊಂಡು ಮಕ್ಕಳ ತೂಕ ಬರೆಯುತ್ತಿದ್ದಳು. ಎದುರಿಗೆ ಕೂತು ಹೇಳಿದೆ. ಅವಳು ಬರೆಯುವುದು ನಿಲ್ಲಿಸಲಿಲ್ಲ.

"ಬ್ಯಾಡತ್ತಿ."

"ಯಾಕ ಬ್ಯಾಡ? ಅವತ್ತು ಒಳಗ ಕಳಿಸಿದಾಕಿ ನಾನಾ. ಇವತ್ತು ಹೊರಗ ಕರ್ಯಾಕಿನೂ ನಾನಾ."

"ನೀವು ಕರೀತೀರತ್ತಿ. ನಾಳಿ ಆ ಹುಡುಗಗ ಒಂದು ಜ್ವರ ಬಂದ್ರ? ಮೋಟರ್ ಬಿಚ್ಚಾಗ ಕರೆಂಟ್ ಹೊಡದ್ರ?"

"ಯಾರರ ಒಂದ್ ಮಾತು ಅಂದ್ರ ನಾಲಿಗಿ ಕೀಳ್ತೀನಿ."

"ಯಾರೂ ಅನ್ನೋದು ಬ್ಯಾಡ. ನನ್ನಷ್ಟಕ್ಕ ನಾನಾ ಅನ್ಕೊಂತೀನಿ. ನನ್ನ ಕೈ ಹತ್ತಿದ್ದಕ್ಕ ಹಿಂಗಾತು ಅಂತ ಸಾಯೋತನ ಅನ್ಕೊಂತೀನಿ." ಒಂದು ಸಾಲು ಮುಗಿಸಿ, ಸ್ಕೇಲಿಟ್ಟು ಗೆರೆ ಎಳೆದು, ಪುಟ ತಿರುವಿದಳು. "ನನ್ನ ಮಗಳ ಅರಿಶಿಣಕ್ಕ ನನ್ನ ಕೈ ಬ್ಯಾಡ."

ಕೂಗಿದೆ. ಅವಳ ಗಂಡನ ಹೆಸರೆತ್ತಿ ಆಣೆ ಇಟ್ಟೆ. ಮೈಲಾರದ ಭಂಡಾರ ತಂದು ಕೈಗೆ ಹಚ್ಚಲು ಹೋದೆ. ಕೈ ಹಿಂದಕ್ಕೆ ಎಳೆದುಕೊಂಡಳು. ಹದಿನೆಂಟು ವರ್ಷದಲ್ಲಿ ನನ್ನ ಒಂದು ಮಾತು ಮೀರದವಳು, ಈ ಒಂದು ಮಾತಿಗೆ ಕಲ್ಲಾಗಿ ಕೂತಳು. ಅವಳಿಗೆ ಈ ಹೆದರಿಕೆಯನ್ನು ಕಲಿಸಿದವಳು ನಾನು. ಹಿಂದೆ ನಿಲ್ಲು ಎಂದು ಕಣ್ಣಿನಲ್ಲಿ ಹೇಳಿದ್ದೆ, ಮೊಣಕೈ ಹಿಡಿದು ಹೇಳಿದ್ದೆ, ಅನ್ನದ ನೆಪದಲ್ಲಿ ಹೇಳಿದ್ದೆ. ಆಗ ಸುಲಭವಾಗಿ ಆಗಿತ್ತು. ಈಗ ಅದನ್ನು ಅವಳೊಳಗಿಂದ ತೆಗೆಯಲು ನಾಲ್ಕು ದಿನದ ಓಣಿ ತಿರುಗಾಟವೂ ಸಾಲದು, ನನ್ನ ಉಳಿದ ಆಯುಷ್ಯವೂ ಸಾಲದು. ಇಷ್ಟು ಸೋತದ್ದು ನನಗೆ ನೆನಪಿಲ್ಲ. ನನ್ನ ಯಜಮಾನರು ಹೋದ ಮೇಲೆ ನಾನೂ ಹಿಂದೆ ನಿಲ್ಲುವವಳೇ. ಆದರೆ ನಾನು ಹಿಂದೆ ನಿಂತು ಮುಂದಿನವರನ್ನೆಲ್ಲ ಬೈಯುತ್ತಿರುತ್ತೇನೆ. ಅವಳು ಬೈಯುವುದನ್ನೂ ಕಲಿಯಲಿಲ್ಲ.

ಮೊಮ್ಮಗಳಿಗೆ ಫೋನು ಮಾಡಿ ಹೇಳಿದೆ. "ನನಗ ಗೊತ್ತಿತ್ತಜ್ಜಿ" ಎಂದಳು. "ಅದಕ್ಕಾ ಆಫೀಸು. ಅಲ್ಲಿ ಅರಿಶಿಣ ಇಲ್ಲ, ದಾರ ಇಲ್ಲ, ಐದು ಮಂದಿ ಇಲ್ಲ. ಒಂದು ಪೆನ್ನು. ಅವ್ವ ಪೆನ್ನಿಗೆ ಹೆದರಲ್ಲ."

ಇನ್ನು ಉಳಿದದ್ದು ಕಂಡಕ್ಟರ್ ಬೀಗರು. ಅವರನ್ನು ಕರೆಸಿ, ಖಾಲಿ ಒಲೆಯಿಂದ ಹಿಡಿದು ಎಲ್ಲ ಹೇಳಿದೆ. ಸುಳ್ಳು ಸೇರಿಸದೆ ಅಷ್ಟು ಉದ್ದ ಮಾತಾಡಿದ್ದು ನನಗೇ ಹೊಸದು. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಹಂಗಂದ್ರ ನಮ್ಮ ಮಂಟಪ?"

"ಮಧ್ಯಾಹ್ನದ ಊಟ ಅಲ್ಲೇ ಹಾಕ್ಸ್ರಿ. ಸ್ಟೇಜಿನ ಮ್ಯಾಲ ನೀವಾ ಕುಂತು ತಿರುಗ್ರಿ."

"ಅದೇನೋ ಆತು. ದೇವ್ರಿಗೆ ಹೇಳಿದ್ದನ್ನ ಕ್ಯಾನ್ಸಲ್ ಹೆಂಗ ಮಾಡೋದ್ರಿ?" ಮತ್ತೆ ಯೋಚಿಸಿ ತಾವೇ ಹೇಳಿದರು: "ಹರದ ಟಿಕೆಟ್ಟು ವಾಪಸ್ ಇಲ್ರಿ. ಆದ್ರ ದಾರಿಯಾಗ ಬಸ್ ಕೆಟ್ರ, ಅದಾ ಟಿಕೆಟ್ನಾಗ ಹಿಂದಿನ ಬಸ್ಸಿಗೆ ಹತ್ತಸ್ತೀವಿ. ಊರು ಮುಟ್ಟಿದ್ರ ಆತು."

ಇಬ್ಬರೂ ಒಟ್ಟಿಗೆ ಹೋದೆವು. ಕೊಟ್ಟೂರಿನ ದೇವರ ಮುಂದೆ ಅವರು ಕೈಮುಗಿದು ನಿಂತು ಅರ್ಜಿ ಓದುವವರ ಹಾಗೆ ಎಲ್ಲ ಹೇಳಿದರು. ಮೈಲಾರಕ್ಕೆ ಹೋಗುವಾಗ ದಾರಿಯುದ್ದಕ್ಕೂ ಆ ಬಸ್ಸಿನ ಕಂಡಕ್ಟರನಿಗೆ ಚಿಲ್ಲರೆ ಹೇಗೆ ಕೊಡಬೇಕೆಂದು ಪಾಠ ಮಾಡಿದರು. ಆ ಹುಡುಗ ಹಡಗಲಿಯಲ್ಲಿ ನಮ್ಮನ್ನು ಇಳಿಸಿ ನಿಟ್ಟುಸಿರು ಬಿಟ್ಟ. ಮೈಲಾರಲಿಂಗನ ಮುಂದೆ ಮತ್ತೆ ಹಿಡಿ ಅಕ್ಕಿ ಇಟ್ಟೆ. "ಅಪ್ಪಾ, ಬಸ್ ಕೆಟ್ಟೈತಿ" ಎಂದೆ. ಬೀಗರು ಪಕ್ಕದಲ್ಲಿ ತಲೆಯಾಡಿಸಿದರು. ಅವರು ಕಾಯಿ ಒಡೆಸಲು ಆಚೆ ಹೋದಾಗ ಇನ್ನೊಂದು ಮಾತು ಸೇರಿಸಿದೆ: "ಕೆಡಿಸಿದಾಕಿ ನಾನಾ."

ಆಮೇಲೆ ಮೂವತ್ತು ದಿನದ ಕಾಟ. ಆಫೀಸಿನ ಗೋಡೆಯ ಬೋರ್ಡಿಗೆ ಹುಡುಗ ಹುಡುಗಿಯ ಫೋಟೋ, ವಿಳಾಸ ಅಂಟಿಸಿ, ಯಾರದ್ದಾದರೂ ತಕರಾರು ಇದೆಯೇ ಎಂದು ತಿಂಗಳು ಕಾಯುತ್ತಾರೆ. ತಕರಾರು ಯಾರದ್ದೂ ಇರಲಿಲ್ಲ, ಪ್ರಶ್ನೆ ಎಲ್ಲರದ್ದೂ ಇತ್ತು. "ಹುಡುಗ ಬ್ಯಾರೆ ಮಂದಿಯೇನಜ್ಜಿ?" "ಓಡಿ ಹೋಗಿದ್ರಂತಲ್ಲ, ಎಲ್ಲಿ ಸಿಕ್ಕರು?" ಹೊಲದ ಕಾಗದಪತ್ರಕ್ಕೆಂದು ಕೂಡ್ಲಿಗಿಗೆ ಹೋದವರೆಲ್ಲ ಆ ಬೋರ್ಡು ಓದಿಕೊಂಡು ಬಂದು ನನ್ನ ಕಟ್ಟೆಯ ಮುಂದೆ ನಿಲ್ಲುತ್ತಿದ್ದರು. ಒಬ್ಬಳಿಗೆ, "ಹೌದವಾ, ಹುಡುಗಿ ಅಲ್ಲ, ನಾನಾ ಓಡಿ ಹೋಗಿದ್ದೆ" ಎಂದೆ. ಮೆಕ್ಯಾನಿಕ್ ಸಾಬರ ಹೆಂಡತಿ ನಕ್ಕು ಸೂಜಿ ಚುಚ್ಚಿಕೊಂಡಳು.

ಮದುವೆಯ ದಿನ ಹನ್ನೊಂದು ಗಂಟೆಗೆ ಆಫೀಸಿನಲ್ಲಿದ್ದೆವು. ಸರ್ವರ್ ಇಲ್ಲ ಎಂದರು. ಒಂದೂವರೆಗೆ ಬಂತು. ಹುಡುಗನ ಬೆರಳಿನಲ್ಲಿ ಮೋಟರಿನ ವಾರ್ನಿಶ್ ಅಂಟಿದ್ದರಿಂದ ಹೆಬ್ಬೆಟ್ಟಿನ ಗುರುತು ಯಂತ್ರಕ್ಕೆ ಸಿಗಲಿಲ್ಲ. ಸೋಪು ಹುಡುಕಿ ತೊಳೆಸಿದೆವು. ಫೋಟೋಕ್ಕೆ ಹುಡುಗಿಯ ಹಿಂದೆ ಕಬ್ಬಿಣದ ಕಪಾಟು. ಮಂಟಪದಲ್ಲಿ ಊಟ ಆರುತ್ತಿದೆ ಎಂದು ಬೀಗರು ಐದು ಸಲ ಹೇಳಿದರು. ಇದಕ್ಕಾಗಿ ನಾನು ನನ್ನ ಕಂಬಳಿಯನ್ನು ಟ್ರಂಕಿನಲ್ಲಿ ಬಿಟ್ಟು ಬಂದೆನಲ್ಲ ಎಂದು ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತದೆ.

"ಸಾಕ್ಷಿ ಮೂರು ಜನ ಯಾರ್ರೀ?" ಎಂದು ಅಧಿಕಾರಿ ಕೇಳಿದರು.

ಸೊಸೆ ಎದ್ದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿ ಎಳೆದುಕೊಂಡು ಕೂತು, ತನ್ನದೇ ಪೆನ್ನು ತೆಗೆದಳು. "ಸರ್, ಹೆಸರು ಪೂರ್ತಿ ಬರೀಬೇಕಾ? ಸಂಬಂಧ ಅನ್ನೋ ಕಡೆ ತಾಯಿ ಅಂತ ಹಾಕ್ಲಾ? ದಿನಾಂಕ ಕೆಳಗಾ?" ಮೂರು ಕಡೆ ಸಹಿ ಮಾಡಿದಳು. ಗುಂಡಗಿನ ಅಕ್ಷರ, ಗೆರೆ ಬಿಟ್ಟು ಒಂದೂ ಇಳಿಯಲಿಲ್ಲ. ಮಗಳು ಅವಳ ಭುಜಕ್ಕೆ ತಾಗಿ ನಿಂತಿದ್ದಳು. ಆಮೇಲೆ ಬೀಗರದ್ದು, ಕೊನೆಗೆ ನನ್ನದು. ನನ್ನ ಸಹಿ ಗೆರೆಯಿಂದ ಹೊರಗೆ ಹೋಯಿತು. ಫೋನಿನಲ್ಲಾದರೆ ಅಕ್ಷರ ತಾವಾಗಿಯೇ ನೆಟ್ಟಗೆ ನಿಲ್ಲುತ್ತವೆ.

"ಆತು, ನಡೀರಿ" ಎಂದರು ಅಧಿಕಾರಿ. ಇಷ್ಟೇ. ಒಂದು ಓಲಗವಿಲ್ಲ, ಒಂದು ಕಾಳು ಅಕ್ಕಿ ಇಲ್ಲ.

ನನಗೆ ತಡೆಯಲಾಗಲಿಲ್ಲ. ಸೆರಗಿನ ತುದಿಯಲ್ಲಿ ಅರಿಶಿನ ಕಲೆಸಿದ ಅಕ್ಕಿ ಕಟ್ಟಿಕೊಂಡೇ ಬಂದಿದ್ದೆ. ಗಂಟು ಬಿಚ್ಚಿ, ಹಿಡಿ ತುಂಬ ತೆಗೆದು ಇಬ್ಬರ ಮೇಲೂ ಎಸೆದೆ. ಕಂಪ್ಯೂಟರಿನ ಮೇಲೂ ಬಿತ್ತು.

"ಏ ಅಜ್ಜೀ! ಇಲ್ಲಿ ಅಕ್ಕಿಗಿಕ್ಕಿ ಹಾಕಂಗಿಲ್ಲ!" ಎಂದು ಅಟೆಂಡರ್ ಕೂಗಿದ.

ಸೊಸೆಗೆ ನಾಚಿಕೆಯಾಯಿತು. ಅಂಗನವಾಡಿಯ ಅಭ್ಯಾಸ, ಯಾರು ಚೆಲ್ಲಿದರೂ ಬಳಿಯುವವಳು ಇವಳೇ. ಕೂಡಲೇ ಬಗ್ಗಿ ನೆಲದ ಮೇಲಿನ ಅಕ್ಕಿಯನ್ನು ಆರಿಸತೊಡಗಿದಳು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮಗಳ ಮದುವೆಯ ದಿನವೂ ಇವಳು ನೆಲದಲ್ಲೇ! ಎಲ್ಲ ಆರಿಸಿ, ಮುಷ್ಟಿ ತುಂಬ ಅಕ್ಕಿ ಹಿಡಿದು ಎದ್ದಳು. ಎದ್ದು ನೋಡಿದರೆ ಎದುರಿಗೆ ಮಗಳು, ತಲೆ ಬಗ್ಗಿಸಿಕೊಂಡು ನಿಂತಿದ್ದಾಳೆ. ಅಳಿಯನಿಗೆ ಏನು ತಿಳಿಯಿತೋ, ಅವನೂ ಬಗ್ಗಿಸಿದ.

ಬೀಗರು ಕೂಡ ಊಟದ ಮಾತೆತ್ತಲಿಲ್ಲ.

ಸೊಸೆಯ ಮುಷ್ಟಿ ಸ್ವಲ್ಪ ಮೇಲೆದ್ದಿತು. ಬೆರಳು ಬಿಚ್ಚಿದವು. ಅಕ್ಕಿ ಹುಡುಗಿಯ ತಲೆಯ ಮೇಲೆ ಬಿತ್ತು, ಹುಡುಗನ ಭುಜದ ಮೇಲೂ ಬಿತ್ತು. ಅಷ್ಟರಲ್ಲಿ ಅವಳು ಕೈ ಹಿಂದಕ್ಕೆ ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡಾಗಿತ್ತು.

ಆಟೋದಲ್ಲಿ ಕೇಳಿದೆ. "ಹಾಕಿದಿ ಹೌದಿಲ್ಲ?"

"ಇಲ್ಲತ್ತಿ. ಕೈ ಜಾರ್ತು."

ಈಗ ಮದುವೆಯಾಗಿ ಎರಡು ತಿಂಗಳು. ಯಾವಾಗ ಕೇಳಿದರೂ ಅದೇ ಉತ್ತರ, ಕೈ ಜಾರಿತು. ನನಗೆ ರೇಗುತ್ತದೆ. ದಿನಾ ಮೂವತ್ತು ಮಕ್ಕಳಿಗೆ ಕುದಿಯುವ ಸಾರು ಬಡಿಸುವ ಕೈ ಅದು. ಇಷ್ಟು ವರ್ಷದಲ್ಲಿ ಒಂದು ತೊಟ್ಟು ಯಾರ ಮೈಮೇಲೂ ಜಾರಿದ್ದನ್ನು ನಾನು ಕಂಡಿಲ್ಲ.